‘20’ ಅಂತ ಬರೆದ ರಾತ್ರಿ

ನಾನು ಹಾಸನದಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಓದುತ್ತಿದ್ದ ಕಾಲ. ಎರಡನೇ ವರ್ಷ, ಮೂಳೆ ವಾರ್ಡಿನಲ್ಲಿ ನೈಟ್ ಡ್ಯೂಟಿ. ಜುಲೈ ತಿಂಗಳು, ಹೊರಗೆ ಜಡಿಮಳೆ. ಆಲೂರು ಕಡೆಯ ಒಬ್ಬ ಅಜ್ಜಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದರು. ಕಾಲಿಗೆ ಟ್ರಾಕ್ಷನ್ ಹಾಕಿ, ಅಂದರೆ ತೂಕ ಕಟ್ಟಿ ಎಳೆದಿಟ್ಟು ಮಲಗಿಸಿ ನಾಲ್ಕು ದಿನ ಆಗಿತ್ತು.

ರಾತ್ರಿ ಹತ್ತಕ್ಕೆ ವೈಟಲ್ಸ್ ನೋಡಲು ಹೋದೆ. ಜ್ವರ ಇಲ್ಲ, 98.4. ಬಿಪಿ 124/70. ನಾಡಿ 106. ಉಸಿರಾಟದ ಕಾಲಂನಲ್ಲಿ ಬೆಳಿಗ್ಗೆ ಡ್ಯೂಟಿಯವರು 20 ಬರೆದಿದ್ದರು, ಮಧ್ಯಾಹ್ನದವರೂ 20. ನಾನೂ 20 ಅಂತ ಬರೆದೆ. ಎಣಿಸಲಿಲ್ಲ.

ಅಜ್ಜಿ ನನ್ನ ಕೈ ಹಿಡಿದು, "ಬಾಗ್ಲು ತೆಗಿ ಮಗಾ, ಹಸ ಕರಿಯೋ ಹೊತ್ತಾಯ್ತು" ಅಂದರು. ವಯಸ್ಸಾದವರು, ಊರಿನ ನೆನಪು ಅಂದುಕೊಂಡೆ. ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದ ಮಗಳು ಎದ್ದು ಕೂತು, "ನಮ್ಮವ್ವ ಯಾವತ್ತೂ ಹಿಂಗೆ ಮಾತಾಡಲ್ಲ ಸಿಸ್ಟರ್" ಅಂದರು. "ನಿದ್ದೆಗಣ್ಣು, ಬೆಳಿಗ್ಗೆ ಸರಿ ಹೋಗ್ತಾರೆ" ಅಂತ ಹೇಳಿ ಮುಂದಿನ ಬೆಡ್‌ಗೆ ಹೋದೆ.

ಒಂದು ಗಂಟೆಗೆ ಸೀನಿಯರ್ ಸಿಸ್ಟರ್ ರೌಂಡ್ ಬಂದರು. ಅಜ್ಜಿಯ ಬೆಡ್ ಹತ್ತಿರ ಬಂದವರು ಅಲ್ಲೇ ನಿಂತುಬಿಟ್ಟರು. ಎದೆ ಮೇಲಿನ ಕಂಬಳಿ ಸರಿಸಿದರು. ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, "ಒಂದು ನಿಮಿಷ ಪೂರ್ತಿ ಎಣಿಸಮ್ಮ" ಅಂದರು. ಎಣಿಸಿದೆ. 34 ಬಂತು. ಅವರು ಕೇಸ್ ಶೀಟ್ ತೆಗೆದು ನಾನು ಬರೆದ 20ರ ಮೇಲೆ ಬೆರಳಿಟ್ಟರು. ಬೈಯಲಿಲ್ಲ. ಆಮೇಲೆ ಮಾತಾಡಲು ಪುರುಸೊತ್ತೂ ಇರಲಿಲ್ಲ. ತಲೆ ಕಡೆ ಎತ್ತರ ಮಾಡಿದೆವು, ಆಕ್ಸಿಜನ್ ಹಚ್ಚಿದೆವು, ಡ್ಯೂಟಿ ಡಾಕ್ಟರ್ ಓಡಿ ಬಂದರು. ನ್ಯುಮೋನಿಯಾ, ಸೋಂಕು ರಕ್ತಕ್ಕೂ ಇಳಿಯುತ್ತಿತ್ತು. ಯಾವ ರೋಗಾಣು ಅಂತ ತಿಳಿಯುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ತಡ ಮಾಡದೆ ಆ್ಯಂಟಿಬಯಾಟಿಕ್ ಕೊಟ್ಟು, ಐಸಿಯುಗೆ ಸಾಗಿಸಿದರು. ಅಜ್ಜಿ ಬದುಕಿದರು. ಆದರೆ ಹತ್ತು ಗಂಟೆಗೇ ಗೊತ್ತಾಗಬೇಕಿದ್ದದ್ದು ಒಂದು ಗಂಟೆಗೆ ಗೊತ್ತಾಯಿತು. ಆ ಮೂರು ಗಂಟೆ ನನ್ನಿಂದ ಹೋದದ್ದು.

ನರ್ಸಿಂಗ್ ಓದುವ ಮಕ್ಕಳು 'ಕ್ಲಿನಿಕಲ್ ತೀರ್ಮಾನ ಹೇಗೆ ತಗೊಳ್ತೀರಾ ಮೇಡಂ' ಅಂತ ಕೇಳಿದಾಗ ನಾನು ಈ ರಾತ್ರಿಯಿಂದಲೇ ಶುರು ಮಾಡುತ್ತೇನೆ. ತೀರ್ಮಾನ ಅನ್ನೋದು ಕಷ್ಟದ ಕಾಯಿಲೆಯ ಮುಂದೆ ಹೊಳೆಯುವ ಬುದ್ಧಿ ಅಂತ ನಾನೂ ತಿಳಿದಿದ್ದೆ. ನನ್ನ ತೀರ್ಮಾನ ಆ ರಾತ್ರಿ ತಪ್ಪಲಿಲ್ಲ, ತೀರ್ಮಾನ ಮಾಡಲು ನನ್ನ ಹತ್ತಿರ ಏನೂ ಇರಲೇ ಇಲ್ಲ. ಇದ್ದದ್ದು ಬೇರೆಯವರ 20.

ಉಸಿರಾಟ ಯಾಕೆ ಅಷ್ಟು ಮುಖ್ಯ? ದೇಹ ಸೋಲುವಾಗ ಬಿಪಿ ಬೀಳೋದು ಕೊನೆ ಕೊನೆಗೆ. ಅದಕ್ಕೂ ಮೊದಲು ರಕ್ತನಾಳ ಬಿಗಿಯಾಗುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಹಾಗೆ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟರಲ್ಲೇ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತಿರುತ್ತದೆ. ಅದನ್ನು ಹೊರಗೆ ಹಾಕಲು ಉಸಿರು ವೇಗ ಆಗುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದನ್ನು ತೋರಿಸೋದಿಲ್ಲ. ರೋಗಿ ನಿಮಿಷಕ್ಕೆ 30 ಸಲ ಉಸಿರಾಡಿ ಕಷ್ಟಪಟ್ಟು ಆಕ್ಸಿಜನ್ 96 ಉಳಿಸಿಕೊಂಡಿರಬಹುದು. ನಾವು 96 ನೋಡಿ ಸಮಾಧಾನ ಮಾಡಿಕೊಳ್ಳುತ್ತೇವೆ. ವಯಸ್ಸಾದವರಿಗೆ ಎಷ್ಟೋ ಸಲ ಸೋಂಕು ಇದ್ದರೂ ಜ್ವರವೇ ಬರೋದಿಲ್ಲ. ಬುದ್ಧಿ ಮಂಕಾಗೋದೇ ಮೊದಲ ಲಕ್ಷಣ ಆಗಿರಬಹುದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಒಂದು ಎಚ್ಚರಿಕೆಯ ಅಂಕಪಟ್ಟಿ ತಂದಿತು, ನ್ಯೂಸ್ ಅಂತ. ಅದರಲ್ಲಿ ಉಸಿರು 12ರಿಂದ 20 ಇದ್ದರೆ ಸೊನ್ನೆ ಅಂಕ, 25 ಅಥವಾ ಜಾಸ್ತಿ ಇದ್ದರೆ 3 ಅಂಕ. ಒಂದೇ ಕಾಲಂನಲ್ಲಿ 3 ಬಂದರೂ ರೋಗಿಯನ್ನು ಬೇಗ ನೋಡಬೇಕು. 2017ರಲ್ಲಿ ಅದನ್ನು ತಿದ್ದಿದಾಗ, ಹೊಸದಾಗಿ ಶುರುವಾದ ಗೊಂದಲಕ್ಕೂ 3 ಅಂಕ ಕೊಟ್ಟರು. ಅದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಹಸು ಕರೆಯುವ ಮಾತು. ಮಗಳು ಹೇಳಿದ್ದು ಅದನ್ನೇ ಅಲ್ವಾ? ತಾಯಿ ಎಂದಿನಂತಿಲ್ಲ ಅಂತ ಆಕೆಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಈಗ ನಾನು ಎಣಿಸುವ ರೀತಿ ಹೇಳುತ್ತೇನೆ. ಉಸಿರು ಎಣಿಸುತ್ತೇನೆ ಅಂತ ರೋಗಿಗೆ ಹೇಳೋದಿಲ್ಲ. ಹೇಳಿದ ತಕ್ಷಣ ಉಸಿರಾಡುವ ರೀತಿಯೇ ಬದಲಾಗುತ್ತದೆ. ಮಣಿಕಟ್ಟು ಹಿಡಿದು ನಾಡಿ ನೋಡುತ್ತೇನೆ. ಮುಗಿದರೂ ಕೈ ಬಿಡದೆ, ಅದೇ ಕೈಯನ್ನು ಅವರ ಎದೆ ಮೇಲೆ ಮೆಲ್ಲಗೆ ಇಟ್ಟು ಏರಿಳಿತ ಎಣಿಸುತ್ತೇನೆ. ನಮ್ಮ ಕಡೆ ಚಳಿಗೆ ಎರಡೆರಡು ರಗ್ಗು ಹೊದ್ದಿರುತ್ತಾರೆ, ಕಣ್ಣಿಗೆ ಏನೂ ಕಾಣೋದಿಲ್ಲ. ಕೈಗೆ ಗೊತ್ತಾಗುತ್ತದೆ. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ 16, 20, 24, 28 ಇಷ್ಟೇ ಬರೋದು, ಮಧ್ಯದ ಸಂಖ್ಯೆ ಬರೋದೇ ಇಲ್ಲ. ಒಂದು ಉಸಿರು ತಪ್ಪಿದರೆ ನಾಲ್ಕು ತಪ್ಪಿದಂತೆ. ಎಣಿಸುವಾಗಲೇ ಕುತ್ತಿಗೆಯ ಸ್ನಾಯು ಎಳೆಯುತ್ತಿದೆಯಾ, ಮೂಗಿನ ಹೊಳ್ಳೆ ಅರಳುತ್ತಿದೆಯಾ, ಒಂದು ವಾಕ್ಯ ಮುಗಿಸುವಷ್ಟು ಉಸಿರು ಇದೆಯಾ ಅಂತ ನೋಡುತ್ತೇನೆ. ಮಾರ್ಫಿನ್ ತರದ ನೋವಿನ ಮದ್ದು ಕೊಡುವ ಮುಂಚೆಯೂ ಎಣಿಸುತ್ತೇನೆ. ಅಲ್ಲಿ ಭಯ ಉಲ್ಟಾ, ಉಸಿರು ಕಮ್ಮಿಯಾಗೋದು.

ಮಳೆಗಾಲದಲ್ಲಿ ಸಕಲೇಶಪುರ, ಬೇಲೂರು ಕಡೆ ತೋಟದಲ್ಲಿ ಹಾವು ಕಚ್ಚಿಸಿಕೊಂಡವರು ಬರುತ್ತಾರೆ. ಅಲ್ಲೂ ಗಡಿಯಾರವೇ ಕೆಲಸ. ಕೆಲವು ಹಾವಿನ ವಿಷಕ್ಕೆ ರಕ್ತ ಹೆಪ್ಪುಗಟ್ಟೋದಿಲ್ಲ, ಅದನ್ನು ನೋಡಬೇಕು. ಒಣಗಿದ, ಶುದ್ಧ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಬಿಡಬೇಕು, ಆಮೇಲೆ ಒಂದೇ ಸಲ ಓರೆ ಮಾಡಿ ಹೆಪ್ಪುಗಟ್ಟಿದೆಯಾ ನೋಡಬೇಕು. ಕುತೂಹಲಕ್ಕೆ ಹತ್ತನೇ ನಿಮಿಷಕ್ಕೆ ಓರೆ ಮಾಡುವ ಕೈಗಳನ್ನು ನಾನು ಎಷ್ಟೋ ಸಲ ತಡೆದಿದ್ದೇನೆ. ಇನ್ನು ನಾಗರಹಾವು, ಕಟ್ಟುಹಾವಿನ ವಿಷಕ್ಕೆ ರೆಪ್ಪೆ ಜೋತು ಬೀಳುತ್ತದೆ, ಆಮೇಲೆ ಉಸಿರಿನ ಸ್ನಾಯು ಸೋಲುತ್ತದೆ. ಅದಕ್ಕೆ ನಾನು, "ಅಣ್ಣ, ಒಂದೇ ಉಸಿರಿಗೆ ಒಂದು, ಎರಡು ಅಂತ ಎಷ್ಟಾಗುತ್ತೋ ಅಷ್ಟು ಎಣಿಸಿ" ಅಂತ ಪದೇ ಪದೇ ಕೇಳುತ್ತಿರುತ್ತೇನೆ. ಮೊದಲು 25ರವರೆಗೆ ಎಣಿಸಿದವರು 14ಕ್ಕೆ ನಿಂತರೆ, ಡಾಕ್ಟರ್‌ಗೆ ಹೇಳಲು ಅಷ್ಟು ಸಾಕು.

ಹೇಳೋದು ಅಂದೆನಲ್ಲ, ಅದೂ ಕಲಿಯಬೇಕಾದ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿ ಫೋನ್ ಮಾಡಿ "ಸರ್, ಪೇಷಂಟ್ ಯಾಕೋ ಸರಿ ಇಲ್ಲ" ಅಂದಿದ್ದೆ. ಬಿಪಿ ಎಷ್ಟು, ಯೂರಿನ್ ಎಷ್ಟು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ನೋಡಿ ಹೇಳಿ" ಅಂತ ಫೋನ್ ಇಟ್ಟರು. ಈಗ ಕೇಸ್ ಶೀಟ್ ಕೈಯಲ್ಲಿ ಹಿಡಿದೇ ಫೋನ್ ಮಾಡುತ್ತೇನೆ. "ಸರ್, ಆರನೇ ಬೆಡ್‌ನವರ ಉಸಿರು ಎರಡು ಗಂಟೆಯಲ್ಲಿ 18ರಿಂದ 28 ಆಗಿದೆ. ನಿನ್ನೆ ಹೊಟ್ಟೆ ಆಪರೇಷನ್ ಆದವರು. ನಾಡಿ 112, ಬಿಪಿ 110/70, ನಾಲ್ಕು ಗಂಟೆಯಲ್ಲಿ ಯೂರಿನ್ 60 ಎಂಎಲ್. ಸೋಂಕು ಇರಬಹುದು ಅನ್ನಿಸುತ್ತಿದೆ. ನೀವು ಈಗಲೇ ಬಂದು ನೋಡಬೇಕು." ಅರ್ಧ ನಿಮಿಷವೂ ಬೇಡ. ಈಗಿನ ಪರಿಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಏನು ಮಾಡಬೇಕು ಅನ್ನೋ ಈ ಕ್ರಮಕ್ಕೆ ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಎಸ್‌ಬಿಎಆರ್ ಅಂತಾರೆ, ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದದ್ದು. ಅದರ ಕೊನೆಯ ಭಾಗ, ಅಂದರೆ ನಮಗೆ ಏನು ಬೇಕು ಅಂತ ಬಾಯಿಬಿಟ್ಟು ಕೇಳೋದು, ನಮ್ಮ ಹುಡುಗಿಯರಿಗೆ ಬಹಳ ಕಷ್ಟ. ಡಾಕ್ಟರ್‌ಗೆ ನಾವು ಹೇಳೋದಾ ಅನ್ನೋ ಅಂಜಿಕೆ. ನಾನು ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರಿಂದಲೇ ಫೋನ್ ಮಾಡಿಸುತ್ತೇನೆ.

ಪರೀಕ್ಷೆಗೆ ನರ್ಸಿಂಗ್ ಪ್ರೋಸೆಸ್‌ನ, ಅಂದರೆ ರೋಗಿಯ ಆರೈಕೆಯ ಕ್ರಮದ ಐದು ಹೆಜ್ಜೆ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ವಾರ್ಡಿನಲ್ಲಿ ಬಿಟ್ಟು ಹೋಗೋದು ಐದನೆಯದು, ಮಾಡಿದ ಮೇಲೆ ಮತ್ತೆ ಹೋಗಿ ನೋಡೋದು. ಆಕ್ಸಿಜನ್ ಹಚ್ಚಿದೆವು ಅಂತ ಬರೆದರೆ ಕೆಲಸ ಮುಗಿಯಲಿಲ್ಲ. ಹಚ್ಚಿದ ಮೇಲೆ ಉಸಿರು ಇಳಿಯಿತಾ? ಇಳಿಯದಿದ್ದರೆ ಮತ್ತೆ ಫೋನ್. ಒಂದೇ ರಾತ್ರಿ ಮೂರು ಸಲ ಫೋನ್ ಮಾಡಿದ್ದಕ್ಕೆ ಗದರಿಸಿಕೊಂಡದ್ದೂ ಇದೆ. ಮೂರನೇ ಸಲಕ್ಕೆ ಬಂದರು.

ಮೊನ್ನೆ ನನ್ನ ವಾರ್ಡಿನ ಚಾರ್ಟ್‌ಗಳನ್ನು ತಿರುವಿ ಹಾಕುತ್ತಿದ್ದೆ. ಮೊದಲ ವರ್ಷದ ಮಕ್ಕಳು ತುಂಬಿದ ಉಸಿರಾಟದ ಕಾಲಂ: 17, 22, 19, 15, 26. 26ರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿತ್ತು, 'ಎರಡು ಸಲ ಎಣಿಸಿದ್ದೇನೆ, ಸಿಸ್ಟರ್‌ಗೆ ಹೇಳಿದ್ದೇನೆ.'