ಕ್ರೈಸ್ತರ ಮೇಲೆ ಹಗೆ ಎಷ್ಟು, ಉಳಿದವರ ಮೇಲೆ ಎಷ್ಟು: ಕಾಸರಗೋಡಿನಲ್ಲಿ ಅಳೆಯುವ ಕ್ರಮ

ಮಂಜೇಶ್ವರದಿಂದ ವೆಳ್ಳರಿಕುಂಡಿನವರೆಗೆ ಎರಡು ಮಾತು ಕೇಳಿಸುತ್ತವೆ. ಒಂದು, "ಕ್ರಿಶ್ಚನ್ನರಿಗೆ ಇಲ್ಲಿ ಏನೂ ತೊಂದರೆಯಿಲ್ಲ, ಸಿಟ್ಟೆಲ್ಲ ಮುಸ್ಲಿಮರ ಮೇಲೆ." ಇನ್ನೊಂದು, "ಪ್ರಾರ್ಥನಾ ಕೂಟಕ್ಕೆ ಕಲ್ಲು ಬಿದ್ದರೆ ಕೇಳುವವರೇ ಇಲ್ಲ." ಎರಡನ್ನೂ ಹೇಳುವವರ ಕೈಯಲ್ಲಿ ಲೆಕ್ಕವಿಲ್ಲ. ಊರಿನ ವಾಚನಾಲಯವೋ ಕಾಲೇಜಿನ ಎನ್ನೆಸ್ಸೆಸ್ ತಂಡವೋ ಮನಸ್ಸು ಮಾಡಿದರೆ, ಎಂಟು ಜನ ಮೂರು ತಿಂಗಳು ದುಡಿದು ನಂಬಬಹುದಾದ ಲೆಕ್ಕ ತೆಗೆಯಬಹುದು. ಮಳೆಗಾಲ ಬೇಡ, ಚುನಾವಣೆಯ ತಿಂಗಳಂತೂ ಬೇಡವೇ ಬೇಡ.

ಮೊದಲು ಮೂರು ಬೇರೆ ಪುಸ್ತಕ ಇಡಿ. ಒಂದರಲ್ಲಿ ಮನಸ್ಸು: ಜನ ಯಾರ ಬಗ್ಗೆ ಏನು ಭಾವಿಸುತ್ತಾರೆ. ಎರಡನೆಯದರಲ್ಲಿ ನಡವಳಿಕೆ: ಬಾಡಿಗೆಗೆ ಮನೆ ಕೊಡುತ್ತಾರೋ, ಜಾಗ ಮಾರುತ್ತಾರೋ. ಮೂರನೆಯದರಲ್ಲಿ ಘಟನೆ: ಕಲ್ಲು, ಬೆಂಕಿ, ಬೆದರಿಕೆ, ಕೇಸು. ಈ ಮೂರನ್ನು ಕೂಡಿಸಿ ಒಂದೇ ಅಂಕೆ ಮಾಡಬೇಡಿ. ಯಾಕೆಂದರೆ ಒಂದು ಇನ್ನೊಂದರ ಹಿಂದೆ ಹೋಗುವುದಿಲ್ಲ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ಸೊನ್ನೆಯಿಂದ ನೂರರ ಅಳತೆಯಲ್ಲಿ ಜನರ ಭಾವನೆ ಕೇಳಿದಾಗ ಯಹೂದಿಗಳಿಗೆ 67, ಕ್ಯಾಥೊಲಿಕರಿಗೆ 66, ಇವಾಂಜೆಲಿಕಲ್ ಕ್ರೈಸ್ತರಿಗೆ 61, ಮುಸ್ಲಿಮರಿಗೆ 48 ಬಂತು. ಅತಿ ಹೆಚ್ಚು ಪ್ರೀತಿ ಸಿಕ್ಕಿದ್ದು ಯಹೂದಿಗಳಿಗೆ. ಆದರೆ ಅದೇ ದೇಶದ ತನಿಖಾ ಸಂಸ್ಥೆ ಎಫ್‌ಬಿಐ ದಾಖಲಿಸುವ ಧರ್ಮದ್ವೇಷದ ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುವುದು ಜನಸಂಖ್ಯೆಯಲ್ಲಿ ಶೇ. 2ರಷ್ಟಿರುವ ಅದೇ ಯಹೂದಿಗಳ ಮೇಲೆ. ಸರಾಸರಿ ಮನಸ್ಸು ಹಸನಾಗಿದ್ದರೂ ಕಲ್ಲು ಹಿಡಿಯಲು ಹತ್ತು ಕೈ ಸಾಕು.

ಯಾರನ್ನು "ಕ್ರೈಸ್ತರು" ಎನ್ನುತ್ತೀರಿ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬೇಳ, ಕಯ್ಯಾರಿನ ಕೊಂಕಣಿ ಕ್ಯಾಥೊಲಿಕರು ಮಂಗಳೂರು ಧರ್ಮಪ್ರಾಂತ್ಯದವರು. ಬೇಳದ ಇಗರ್ಜಿ (ಚರ್ಚು) 1890ರದ್ದು. ರಾಜಪುರಂ, ಚಿತ್ತಾರಿಕಲ್ ಕಡೆಯ ಮಲೆಯಾಳಂ ಮಾತಿನ ಸಿರೋ ಮಲಬಾರ್ (ಕೇರಳದ ಕ್ಯಾಥೊಲಿಕ್ ಪಂಗಡ) ಕುಟುಂಬಗಳು 1940ರ ದಶಕದಿಂದ ತಿರುವಾಂಕೂರಿನಿಂದ ಬಂದು ಗುಡ್ಡ ಕಡಿದು ನೆಲೆಸಿದವರು. ಬಾಸೆಲ್ ಮಿಶನ್ನಿನ ಪರಂಪರೆಯ ಪ್ರೊಟೆಸ್ಟಂಟರು ಬೇರೆ. ಬಾಡಿಗೆ ಕೋಣೆಯಲ್ಲಿ ಕೂಟ ನಡೆಸುವ ಪೆಂತೆಕೋಸ್ತಿನವರು ಇನ್ನೂ ಬೇರೆ. "ಪುರ್ಬುಗಳು" ಎಂದಾಗ ಊರಿನವರ ಕಣ್ಣಿಗೆ ಬರುವುದು ಮೊದಲಿನವರು ಮಾತ್ರ. "ಮತಾಂತರದವರು" ಎಂದಾಗ ಬರುವುದು ಕೊನೆಯವರು. ಒಂದೇ ಹೆಸರಿನಲ್ಲಿ ಕೇಳಿದರೆ ಉತ್ತರ ಕೊಟ್ಟವರು ಯಾರನ್ನು ನೆನೆದು ಕೊಟ್ಟರೆಂದು ತಿಳಿಯುವುದಿಲ್ಲ. ಆದ್ದರಿಂದ ಕನಿಷ್ಠ ಮೂರು ಸಾಲು ಮಾಡಿ: ಹಳೆಯ ಇಗರ್ಜಿಯವರು, ಮಲೆಯಾಳಂ ಮಾತಿನ ಗುಡ್ಡದ ಕಡೆಯವರು, ಹೊಸದಾಗಿ ನಂಬಿದ ಪ್ರಾರ್ಥನಾ ಕೂಟದವರು. ಮುಸ್ಲಿಮರಲ್ಲಿಯೂ ಬ್ಯಾರಿ ಮಾತಿನವರು, ಮಾಪಿಳ್ಳೆಯವರು ಎಂದು ಬೇರೆ ಇಡಿ. ಹಿಂದೂಗಳು, ಜೈನರು, ದೇವರನ್ನು ನಂಬದವರು ಪಟ್ಟಿಯಲ್ಲಿ ಇರಲಿ. ಊರಲ್ಲೇ ಇಲ್ಲದ ಪಾರ್ಸಿಗಳನ್ನೂ ಸೇರಿಸಿ. ಯಾರೂ ಕಂಡಿರದ ಅವರಿಗೂ ಕಡಿಮೆ ಅಂಕ ಬಿದ್ದರೆ, ಅದು ಹೊರಗಿನವರೆಂಬ ಮುನಿಸು, ಕ್ರೈಸ್ತರ ಮೇಲಿನ ಹಗೆಯೆಂದು ಬರೆದುಕೊಳ್ಳಬಾರದು.

"ನಿಮ್ಮ ಮತ ಯಾವುದು" ಎಂದು ಕೇಳಿದರೆ ಓಟಿನ ವಿಷಯ ಎಂದುಕೊಳ್ಳುವವರಿದ್ದಾರೆ. ನಮ್ಮಲ್ಲಿ ಧರ್ಮಕ್ಕೂ "ಜಾತಿ" ಎನ್ನುವ ರೂಢಿಯಿದೆ. ಪ್ರಶ್ನೆಯನ್ನು ಕನ್ನಡ, ಮಲೆಯಾಳಂ, ತುಳು, ಕೊಂಕಣಿ ನಾಲ್ಕರಲ್ಲೂ ಬರೆಸಿ. ಮೂಲ ನೋಡದ ಇನ್ನೊಬ್ಬರಿಂದ ಪುನಃ ಕನ್ನಡಕ್ಕೆ ತರಿಸಿ, ಎಲ್ಲಿ ಅರ್ಥ ಜಾರಿತೆಂದು ನೋಡಿ.

ಹತ್ತು ಅಡಿಕೆ

ಪರದೇಶದ ಸಮೀಕ್ಷೆಗಳಲ್ಲಿ ಬಿಸಿ ಎಂದರೆ ಅಕ್ಕರೆ, ತಣ್ಣಗೆ ಎಂದರೆ ಅಸಡ್ಡೆ. ನಮ್ಮಲ್ಲಿ ಅದು ತಲೆಕೆಳಗು: ತಂಪು ಒಳ್ಳೆಯದು, ಉರಿ ಹಗೆಯದ್ದು. ಉಷ್ಣಮಾಪಕದ ಚಿತ್ರ ತೋರಿಸಿದರೆ ಎಷ್ಟೋ ಜನ ತಿರುಗಿಸಿ ಉತ್ತರಿಸಬಹುದು. ಅದರ ಬದಲು ಹತ್ತು ಅಡಿಕೆ ಒಯ್ಯಿರಿ. "ಇವರು ನಿಮ್ಮ ನೆರೆಯಲ್ಲಿ ಬಂದು ನೆಲೆಸಿದರೆ ನಿಮಗೆ ಎಷ್ಟು ಸಮಾಧಾನ? ಏನೂ ಸಮಾಧಾನ ಇಲ್ಲದಿದ್ದರೆ ಒಂದೂ ಇಡಬೇಡಿ, ಪೂರ್ತಿ ಸಮಾಧಾನವಾದರೆ ಹತ್ತೂ ಇಡಿ." ಪ್ರತಿ ಸಮುದಾಯಕ್ಕೂ ಹತ್ತನ್ನೂ ಪುನಃ ಕೈಗೆ ಕೊಡಬೇಕು, ಹತ್ತನ್ನೇ ಎಲ್ಲರಿಗೂ ಹಂಚಿಸಿದರೆ ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಂದ ಕಿತ್ತದ್ದಾಗುತ್ತದೆ. ಸಮುದಾಯಗಳ ಅನುಕ್ರಮ ಬದಲಿಸಿ ನಾಲ್ಕು ಬಗೆಯ ಫಾರಂ ಅಚ್ಚು ಹಾಕಿ. ಮೊದಲು ಕೇಳಿದವರಿಗೆ ಬೀಳುವ ಅಂಕವೇ ಬೇರೆ.

ಲೆಕ್ಕ ಹಾಕುವಾಗ ಆ ಸಮುದಾಯದವರು ತಮಗೆ ತಾವೇ ಕೊಟ್ಟ ಅಂಕ ತೆಗೆದುಬಿಡಿ. ಪ್ಯೂ ಕೇಂದ್ರದ 2014ರ ಅಳತೆಯಲ್ಲಿ ಇವಾಂಜೆಲಿಕಲ್ ಕ್ರೈಸ್ತರಿಗೆ 61 ಬಂದಿತ್ತು. ಅವರ ಸ್ವಂತ ಉತ್ತರ ತೆಗೆದಾಗ ಉಳಿದದ್ದು 52. ಕಾಸರಗೋಡು ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಹಿಂದೂಗಳು ಸುಮಾರು ಶೇ. 56, ಮುಸ್ಲಿಮರು 37, ಕ್ರೈಸ್ತರು 6.7. ಎಲ್ಲರ ಉತ್ತರ ಒಟ್ಟಿಗೆ ಹಾಕಿದರೆ ಹಿಂದೂಗಳ ಅಂಕದಲ್ಲಿ ಅರ್ಧಕ್ಕೂ ಹೆಚ್ಚು ಅವರದೇ, ಕ್ರೈಸ್ತರ ಅಂಕದಲ್ಲಿ ಹೆಚ್ಚುಕಡಿಮೆ ಎಲ್ಲ ಬೇರೆಯವರದು. ಆ ಹೋಲಿಕೆಗೆ ಅರ್ಥವಿಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಚೌಕದ ಕೋಷ್ಟಕವನ್ನೇ ಪ್ರಕಟಿಸಿ. ಮುಸ್ಲಿಮರು ಕ್ರೈಸ್ತರಿಗೆ, ಕ್ರೈಸ್ತರು ಮುಸ್ಲಿಮರಿಗೆ ಕೊಟ್ಟದ್ದೂ ಕಾಣಲಿ. ಹಗೆ ಒಂದೇ ದಿಕ್ಕಿನಿಂದ ಬರುತ್ತದೆ ಎಂದು ಮೊದಲೇ ತೀರ್ಮಾನಿಸಿ ಹೊರಟರೆ ಈ ಕೆಲಸವೇ ಬೇಡ.

ನಡವಳಿಕೆಯ ಪ್ರಶ್ನೆಗಳು ಮೆಟ್ಟಿಲಿನಂತೆ ಏರಲಿ: ಅಂಗಡಿಯಲ್ಲಿ ವ್ಯಾಪಾರ, ಒಂದೇ ಪಂಕ್ತಿಯಲ್ಲಿ ಊಟ, ಬಾಡಿಗೆಗೆ ಮನೆ, ಪಕ್ಕದ ಜಾಗದ ಮಾರಾಟ, ಪಕ್ಕದಲ್ಲಿ ಪ್ರಾರ್ಥನಾ ಮಂದಿರ, ಕೊನೆಗೆ ಮಕ್ಕಳ ಮದುವೆ. ಮದುವೆಗೆ ಒಲ್ಲೆ ಎಂದದ್ದನ್ನು ಹಗೆಯೆಂದು ಎಣಿಸಬೇಡಿ. ತನ್ನದೇ ಧರ್ಮದ ಬೇರೆ ಜಾತಿಗೂ ಅವರು ಒಲ್ಲೆ ಎನ್ನಬಹುದು. ಅದೇ ಆರು ಪ್ರಶ್ನೆಗಳನ್ನು ಸ್ವಧರ್ಮದ ಬೇರೆ ಜಾತಿಯ ಬಗ್ಗೆಯೂ ಕೇಳಿ. ಆ ಉತ್ತರಕ್ಕಿಂತ ಎಷ್ಟು ಕೆಳಗೆ ಇಳಿದಿದೆಯೋ ಅಷ್ಟೇ ಧರ್ಮದ ಪಾಲು. ಪ್ರಾರ್ಥನಾ ಮಂದಿರದ ಮೆಟ್ಟಿಲನ್ನು ಎಚ್ಚರದಿಂದ ನೋಡಿ. ವ್ಯಾಪಾರ, ಊಟ, ಬಾಡಿಗೆ ಎಲ್ಲದಕ್ಕೂ ಹೂಂ ಎಂದು ಅಲ್ಲಿ ಮಾತ್ರ ತಡೆದರೆ, ತಕರಾರು ಆ ಜನರ ಮೇಲಲ್ಲ, ಮತಾಂತರದ ಶಂಕೆಯ ಮೇಲೆ. ಮುಸ್ಲಿಮರ ವಿಷಯದಲ್ಲಿ ತಡೆ ಕೆಳಗಿನ ಮೆಟ್ಟಿಲಿನಲ್ಲೇ, ಬಾಡಿಗೆಯಲ್ಲೇ ಬಿದ್ದರೆ, ಅದು ಬೇರೆ ಬಗೆಯ ಹಗೆ. ಎರಡಕ್ಕೂ ಒಂದೇ ಮದ್ದು ಹಿಡಿಯುವುದಿಲ್ಲ.

ಎಷ್ಟು ಮನೆ, ಯಾವ ಮನೆ

ಮತದಾರರ ಪಟ್ಟಿ ಕೇರಳದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಬೂತ್‌ವಾರು ಸಿಗುತ್ತದೆ. 40 ಬೂತ್ ಚೀಟಿ ಎತ್ತಿ ಆರಿಸಿ, ಪ್ರತಿ ಬೂತಿನಲ್ಲಿ 10 ಜನ. ಸಾವಿರ ಹೆಸರಿದ್ದರೆ ನೂರಕ್ಕೊಂದು. ಮೊದಲ ಹೆಸರು ಒಂದರಿಂದ ನೂರರೊಳಗೆ ಚೀಟಿಯಲ್ಲಿ ಬಂದದ್ದು. ಗಲ್ಫಿಗೆ ಹೋದವರು ಪಟ್ಟಿಯಲ್ಲಿ ತುಂಬ ಇರುವುದರಿಂದ ಹತ್ತಕ್ಕೆ ಹದಿನಾರು ಹೆಸರು ಇಟ್ಟುಕೊಳ್ಳಿ. ಮನೆಯಲ್ಲಿ ಸಿಗದವರ ಬಳಿ ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಿ. ಪಕ್ಕದ ಮನೆಯವರನ್ನು ಕೂರಿಸಿ ಮುಗಿಸಬಾರದು. ಹಾಗೆ ಮಾಡಿದರೆ ಹಗಲು ಮನೆಯಲ್ಲಿ ಸಿಗುವವರ ಮನಸ್ಸು ಮಾತ್ರ ಪುಸ್ತಕ ಸೇರುತ್ತದೆ.

400 ಜನ ಎಂದರೆ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಶೇ. 5ರ ತಪ್ಪು. ಬೂತಿನಲ್ಲಿ ಗುಂಪಾಗಿ ಕೇಳುವುದರಿಂದ ಅದು ಇನ್ನೂ ಹೆಚ್ಚು. ಆದರೆ ಆ 400ರಲ್ಲಿ ಕ್ರೈಸ್ತರು ಸಿಗುವುದು 27 ಜನ. ಅವರ ಉತ್ತರದ ತಪ್ಪು ಆಚೆಗೀಚೆಗೆ ಶೇ. 19. ಅದನ್ನು ನಂಬಿ ಏನೂ ಹೇಳಲಾಗದು. ಆದ್ದರಿಂದ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರು ಸಮುದಾಯಗಳಿಂದ 150ರಂತೆ ತೆಗೆದುಕೊಳ್ಳಿ. ಜಿಲ್ಲೆಯ ಒಟ್ಟು ಲೆಕ್ಕ ಹೇಳುವಾಗ ಹಿಂದೂಗಳ ಪ್ರತಿ ಉತ್ತರಕ್ಕೆ 1.68, ಮುಸ್ಲಿಮರದ್ದಕ್ಕೆ 1.11, ಕ್ರೈಸ್ತರದ್ದಕ್ಕೆ 0.20 ತೂಕ ಕೊಡಿ.

ಕೇಳಲು ಹೋಗುವವರ ಹೆಸರು, ಕೊರಳು, ತಲೆ ಎಲ್ಲವೂ ಉತ್ತರ ಬದಲಿಸುತ್ತವೆ. ಶಿಲುಬೆಯ ಸರ ಕಂಡರೆ ಕ್ರೈಸ್ತರಿಗೆ ಎರಡು ಅಡಿಕೆ ಹೆಚ್ಚು ಬೀಳಬಹುದು. ಪ್ರತಿ ಫಾರಮಿನಲ್ಲಿ ಕೇಳಿದವರ ಧರ್ಮವನ್ನೂ ಬರೆದು, ಕೊನೆಗೆ ಬೇರೆ ಮಾಡಿ ನೋಡಿ. ಅಡಿಕೆ ಇಡುವಾಗ ಕೇಳುವವರು ಬೆನ್ನು ತಿರುಗಿಸಲಿ. ಉತ್ತರಿಸುವವರು ಎಣಿಕೆಯನ್ನು ತಾವೇ ಬರೆದು ಮಡಚಿ ಚೀಲಕ್ಕೆ ಹಾಕಲಿ. ಹೆಸರು, ಮನೆ ನಂಬರು, ಫೋನು ಫಾರಮಿನಲ್ಲಿ ಇರಲೇಬಾರದು.

ಘಟನೆಗಳ ಪುಸ್ತಕ

ದೇಶದ ಅಪರಾಧ ದಾಖಲೆ ಬ್ಯೂರೋ ನೊಂದವರ ಧರ್ಮದಂತೆ ಲೆಕ್ಕ ಕೊಡುವುದಿಲ್ಲ. ಯುನೈಟೆಡ್ ಕ್ರಿಶ್ಚಿಯನ್ ಫೋರಂ ಎಂಬ ಸಂಘಟನೆ ಎಣಿಸಿದ್ದು ದೇಶದಾದ್ಯಂತ 2014ರಲ್ಲಿ 127 ಘಟನೆ, 2024ರಲ್ಲಿ 834. ಅದರ ಸಹಾಯವಾಣಿ ಶುರುವಾದದ್ದು 2015ರಲ್ಲಿ. ಏರಿಕೆ ಸುಳ್ಳೆಂದಲ್ಲ, ಅದರಲ್ಲಿ ಸ್ವಲ್ಪ ಕರೆ ಹೆಚ್ಚಾದದ್ದರ ಪಾಲೂ ಇದೆ. ಅಂಥದೇ ಸಹಾಯವಾಣಿಯಿಲ್ಲದ ಸಮುದಾಯದ ಅಂಕೆಯ ಪಕ್ಕ ಇದನ್ನು ನಿಲ್ಲಿಸಿದರೆ ಹೋಲಿಕೆ ಡೊಂಕಾಗುತ್ತದೆ. ನೀವು ಎಲ್ಲರಿಗೂ ಒಂದೇ ಮೂಲಗಳನ್ನು ಬಳಸಿ: ಒಂದು ಕನ್ನಡ ಪತ್ರಿಕೆ, ಒಂದು ಮಲೆಯಾಳಂ ಪತ್ರಿಕೆ, ಪೊಲೀಸ್ ದಾಖಲೆ.

ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದಂತೆ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು. ಸಿಗದವುಗಳಿಗೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ, 30 ದಿನ. "ಕೋಮು ಘಟನೆಗಳ ವಿವರ ಕೊಡಿ" ಎಂದರೆ ಏನೂ ಬರುವುದಿಲ್ಲ. ಠಾಣೆವಾರು, ವರ್ಷವಾರು, ಸೆಕ್ಷನ್‌ವಾರು ಸಂಖ್ಯೆ ಕೇಳಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇಕಾದವು 196, 298, 299, 300, 301, 302; 2024ರ ಜುಲೈ 1ಕ್ಕಿಂತ ಮೊದಲಿನವಕ್ಕೆ ಹಳೆಯ ದಂಡಸಂಹಿತೆಯ 153ಎ, 295, 295ಎ, 296, 297, 298. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಹಳೆಯ 298 ಧರ್ಮಕ್ಕೆ ನೋವಾಗುವ ಮಾತು, ಹೊಸ 298 ಆರಾಧನಾ ಸ್ಥಳಕ್ಕೆ ಹಾನಿ. ಹಳೆಯ 302 ಕೊಲೆ, ಹೊಸ 302 ಬರೀ ಮಾತು. ಕೊಲೆ ಈಗ 103. ತಾರೀಕು ನೋಡದೆ ಸೆಕ್ಷನ್ ಬರೆದುಕೊಂಡರೆ ಬೈಗುಳ ಕೊಲೆಯಾಗುತ್ತದೆ.

ಪ್ರತಿ ಘಟನೆಗೂ ತಾರೀಕು, ಠಾಣೆ, ಬಗೆ, ನೊಂದವರ ಸಮುದಾಯ, ಧರ್ಮವೇ ಕಾರಣ ಎನ್ನಲು ಇರುವ ಆಧಾರ ಬರೆಯಿರಿ. ಆಧಾರಕ್ಕೆ ಮೂರು ದರ್ಜೆ: ಗೋಡೆಬರಹ, ಘೋಷಣೆ, ಬೆದರಿಕೆ ಇದ್ದರೆ ಗಟ್ಟಿ, ಸಂದರ್ಭ ಮಾತ್ರ ಇದ್ದರೆ ಸಡಿಲು, ಏನೂ ಇಲ್ಲದಿದ್ದರೆ ಖಾಲಿ. ಕಾಣಿಕೆ ಡಬ್ಬಿ ಒಡೆದ ಕಳ್ಳನಿಗೆ ಇಗರ್ಜಿಯೂ ಒಂದೇ, ಭಜನಾ ಮಂದಿರವೂ ಒಂದೇ. ಪೆರಿಯದಲ್ಲಿ 2019ರಲ್ಲಿ ನಡೆದ ಜೋಡಿ ಕೊಲೆ ರಾಜಕೀಯದ್ದು, ಈ ಪುಸ್ತಕಕ್ಕೆ ಬಾರದು. ಆರ್ಥೊಡಾಕ್ಸ್, ಯಾಕೋಬಾಯ ಪಂಗಡಗಳ ಇಗರ್ಜಿ ಜಗಳ ಕ್ರೈಸ್ತರೊಳಗಿನದು, ಹೊರಗಿನವರ ಹಗೆಯಲ್ಲ. ಇಬ್ಬರು ಒಬ್ಬರದನ್ನೊಬ್ಬರು ನೋಡದೆ ದರ್ಜೆ ಹಾಕಲಿ. ನೂರರಲ್ಲಿ ಎಂಬತ್ತಾದರೂ ಹೊಂದದಿದ್ದರೆ ನಿಯಮವೇ ಸ್ಪಷ್ಟವಿಲ್ಲ, ತಿದ್ದಿ ಪುನಃ ಹಾಕಿ.

ಆಮೇಲೆ ದರ. ಜಿಲ್ಲೆಯಲ್ಲಿ ಕ್ರೈಸ್ತರು ಸುಮಾರು 87,000, ಮುಸ್ಲಿಮರು 4.87 ಲಕ್ಷ. ಹತ್ತು ವರ್ಷಕ್ಕೆ ಕ್ರಮವಾಗಿ 6 ಮತ್ತು 24 ಘಟನೆ ಸಿಕ್ಕವೆಂದು ಸುಮ್ಮನೆ ಇಟ್ಟುಕೊಳ್ಳಿ. ಬರೀ ಸಂಖ್ಯೆಯಲ್ಲಿ ಮುಸ್ಲಿಮರದು ನಾಲ್ಕು ಪಟ್ಟು. ಲಕ್ಷಕ್ಕೆ ಎಣಿಸಿದರೆ ಕ್ರೈಸ್ತರದು 6.9, ಮುಸ್ಲಿಮರದು 4.9. ಇಷ್ಟಕ್ಕೇ ಶೀರ್ಷಿಕೆ ಬರೆಯಬೇಡಿ. ಸಣ್ಣ ಎಣಿಕೆಗೆ ಅದರ ವರ್ಗಮೂಲದ ಎರಡರಷ್ಟು ಅಲುಗಾಟ ಇಡಬೇಕು: 6 ಎಂದರೆ 1ರಿಂದ 11, 24 ಎಂದರೆ 14ರಿಂದ 34. ಆಗ ದರ 1.3ರಿಂದ 12.5ರವರೆಗೆ ಒಂದು, 2.9ರಿಂದ 6.9ರವರೆಗೆ ಇನ್ನೊಂದು. ಒಂದರೊಳಗೆ ಇನ್ನೊಂದು ಕೂತಿದೆ. "ಯಾರ ಮೇಲೆ ಹೆಚ್ಚೆಂದು ಈ ಎಣಿಕೆಯಿಂದ ಹೇಳಲಾಗದು" ಎಂದು ಬರೆಯುವ ಧೈರ್ಯ ಬೇಕು. ಆ ಆರು ಮನೆಗಳ ನೋವು ಅದರಿಂದ ಕಡಿಮೆಯಾಗುವುದಿಲ್ಲ; ಆರನ್ನೂ ವಿವರವಾಗಿ ಬರೆಯಿರಿ.

ತಾಲೂಕುವಾರು ದರ ಬೇಕೆಂದರೆ ತೊಡಕಿದೆ. ಜನಗಣತಿಯ ಧರ್ಮದ ಕೋಷ್ಟಕ ತಾಲೂಕು, ಪಟ್ಟಣದವರೆಗೆ ಮಾತ್ರ ಇಳಿಯುತ್ತದೆ, ಹಳ್ಳಿಗಿಲ್ಲ. 2011ರಲ್ಲಿ ಜಿಲ್ಲೆಗೆ ಕಾಸರಗೋಡು, ಹೊಸದುರ್ಗ ಎರಡೇ ತಾಲೂಕು. ಮಂಜೇಶ್ವರಕ್ಕೂ ವೆಳ್ಳರಿಕುಂಡಿಗೂ ಬೇರೆ ಅಂಕೆ ಅಲ್ಲಿಲ್ಲ. ಇಗರ್ಜಿಗಳ ಕುಟುಂಬ ಪಟ್ಟಿಯಿಂದ ಅಂದಾಜು ಮಾಡಬಹುದು, ಪೆಂತೆಕೋಸ್ತಿನವರು ಅದರಲ್ಲಿ ಸಿಗುವುದಿಲ್ಲ. ಪರಿಶಿಷ್ಟ ಜಾತಿಯಿಂದ ಬಂದ ವಿಶ್ವಾಸಿಗಳು ಗಣತಿಯಲ್ಲೂ ಸರಿಯಾಗಿ ಕಾಣರು: 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರೆಂದು ಬರೆಸಿದರೆ ಪರಿಶಿಷ್ಟ ಜಾತಿಯ ಸ್ಥಾನ ಹೋಗುತ್ತದೆ.

ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಕಾನೂನು ಬೇರೆ. ಕೇರಳದಲ್ಲಿ ಮತಾಂತರ ನಿಷೇಧ ಕಾಯ್ದೆಯಿಲ್ಲ. ಕರ್ನಾಟಕ 2022ರಲ್ಲಿ ತಂದಿತು. ದಕ್ಷಿಣ ಕನ್ನಡದ ಘಟನೆಗಳನ್ನು ಸೇರಿಸುವುದಾದರೆ ಆ ದಿನ ಅಲ್ಲಿ ಯಾವ ಕಾಯ್ದೆ ಇತ್ತೆಂದು ಬೇರೆ ಕಾಲಂ ಇರಲಿ, ಕೂಟ ನಡೆಸಿದವರ ಮೇಲೆಯೇ ಕೇಸು ಬಿದ್ದದ್ದನ್ನು ಹಲ್ಲೆಯ ಜತೆ ಬೆರೆಸದೆ ಎಣಿಸಿ. ಅವಧಿಯನ್ನೂ ನೋಡಿಕೊಳ್ಳಿ: ಮಂಗಳೂರಿನ ಇಗರ್ಜಿಗಳ ಮೇಲೆ ದಾಳಿಯಾದದ್ದು 2008ರ ಸೆಪ್ಟೆಂಬರ್ 14ರಂದು. ಲೆಕ್ಕವನ್ನು 2008ರಿಂದ ಶುರು ಮಾಡಿದರೆ ಇಳಿಕೆ ಕಾಣುತ್ತದೆ, 2009ರಿಂದ ಮಾಡಿದರೆ ಆ ಇಳಿಕೆಯೇ ಮಾಯ. ವರ್ಷವಾರು ಕಂಬ ಬರೆದು ಎರಡನ್ನೂ ತೋರಿಸಿ.

ಅಚ್ಚಿಗೆ ಕೊಡುವ ಮುಂಚೆ ಐದಕ್ಕಿಂತ ಕಡಿಮೆ ಜನ ಇರುವ ಕೋಷ್ಟಕದ ಕೋಣೆಗಳನ್ನು ಖಾಲಿ ಬಿಡಿ. ಒಂದು ಬೂತಿನ ಇಬ್ಬರು ಪೆಂತೆಕೋಸ್ತಿನವರು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ಮೂಲ ಫಾರಂಗಳನ್ನು ಬೀಗ ಹಾಕಿಡಿ, ಲೆಕ್ಕ ಮುಗಿದ ಮೇಲೆ ಸುಟ್ಟುಬಿಡಿ. ಘಟನೆಗಳ ಪಟ್ಟಿಯನ್ನು ಮಾತ್ರ ಉಳಿಸಿ, ಮುಂದಿನ ವರ್ಷ ಅದೇ ನಿಯಮದಲ್ಲಿ ಕೆಳಗೆ ಸಾಲು ಸೇರಿಸಲು.