ಕೋಟು ಊರಲ್ಲಿ ಕೊಳ್ಳಬೇಡಿ: ಬ್ರಿಟನ್ನಿಗೆ ಹೊರಟ ದಾವಣಗೆರೆ, ದುರ್ಗದವರಿಗೆ ಚಾರಿಟಿ ಶಾಪ್ ಮಾರ್ಗದರ್ಶಿ

ಜೆಜೆಎಂನಲ್ಲಿ ಎಂಬಿಬಿಎಸ್ ಮುಗಿಸಿ ಆಸ್ಪತ್ರೆ ಕೆಲಸಕ್ಕೆ ಹೊರಟವರಿರಲಿ, ಬಿಐಇಟಿ, ಯುಬಿಡಿಟಿಯಿಂದ ಎಂಎಸ್ಸಿಗೆ ಹೊರಟವರಿರಲಿ, ಕೊನೆಯ ಎರಡು ವಾರ ಮನೆಯಲ್ಲಿ ನಡೆಯುವುದು ಒಂದೇ ಲೆಕ್ಕ: 23 ಕೆಜಿ ಪೆಟ್ಟಿಗೆಯಲ್ಲಿ ಏನು ಹಿಡಿಸಬೇಕು, ಏನು ಬಿಡಬೇಕು. ಅದರಲ್ಲಿ ಐದಾರು ಕೆಜಿಯನ್ನು ಒಂದು ದಪ್ಪ ಜಾಕೆಟ್ಟು, ಎರಡು ಸ್ವೆಟರು, ಒಂದು ರಗ್ಗು ನುಂಗಿಬಿಡುತ್ತವೆ. ಬೇಸಿಗೆಯಲ್ಲಿ 38 ಡಿಗ್ರಿ ಮುಟ್ಟುವ ಊರಿನ ಅಂಗಡಿಯಲ್ಲಿ ಸಿಗುವ ಸ್ವೆಟರು ಬಹುಪಾಲು ಅಕ್ರಿಲಿಕ್ಕು, ಅಂದರೆ ಕೃತಕ ದಾರದ್ದು. ಡಿಸೆಂಬರಿನ ಬೆಳಗಿನ ವಾಕಿಂಗಿಗೆ ಅದು ಸಾಕು, ಗಾಳಿ ಮಳೆ ಒಟ್ಟಿಗೆ ಹೊಡೆಯುವ ಬ್ರಿಟನ್ನಿನ ನವೆಂಬರಿಗೆ ಸಾಲದು. ವಿಮಾನದಲ್ಲಿ ಮೈಮೇಲೆ ಒಂದು ಸ್ವೆಟರ್ ಇರಲಿ, ಮೊದಲ ವಾರ ಕಳೆಯುತ್ತದೆ. ಉಳಿದ ತೂಕಕ್ಕೆ ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ಕುಕ್ಕರಿನ ಎರಡು ಗ್ಯಾಸ್ಕೆಟ್ಟು ತುಂಬಿ. (ಬೆಣ್ಣೆ, ತುಪ್ಪ, ಪೇಡ ಮಾತ್ರ ಬೇಡ. ನಮ್ಮ ಕಡೆಯಿಂದ ಹಾಲಿನ ಪದಾರ್ಥ ತಗೊಂಡು ಹೋಗಲು ಅಲ್ಲಿ ಅನುಮತಿಯಿಲ್ಲ.) ಕೋಟು ಅಲ್ಲೇ ಸಿಗುತ್ತದೆ, ದಾನ ಬಂದ ಹಳೇ ಸಾಮಾನು ಮಾರುವ ಚಾರಿಟಿ ಶಾಪಿನಲ್ಲಿ, ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಪೌಂಡಿನೊಳಗೆ.

"ಇನ್ನೊಬ್ಬರು ಉಟ್ಟು ಬಿಟ್ಟಿದ್ದನ್ನ ನೀನು ಹಾಕ್ಕೊಳ್ಳೋದಾ?" ಎಂದು ಅವ್ವ ಕೇಳಿಯೇ ಕೇಳುತ್ತಾರೆ. ನಮ್ಮೂರಲ್ಲಿ ಹಳೇ ಬಟ್ಟೆಯ ದಾರಿ ಒಂದೇ ಕಡೆಗೆ. ಗಂಟು ಕಟ್ಟಿ ಬೀದಿಗೆ ಬರುವ ಸ್ಟೀಲ್ ಪಾತ್ರೆಯಮ್ಮನ ಮುಂದೆ ಇಟ್ಟು, ಅರ್ಧ ಗಂಟೆ ಚೌಕಾಸಿ ಮಾಡಿ ಒಂದು ಬೋಗುಣಿ ಇಸಕೊಂಡರೆ ಮುಗಿಯಿತು, ಆ ಗಂಟು ಮುಂದೆ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಆ ಗಂಟೇ ಪೇಟೆಯ ಮುಖ್ಯ ಬೀದಿಯಲ್ಲಿ ಗಾಜಿನ ಹಿಂದೆ ನೇತಾಡುತ್ತದೆ. ಜನ ಬಟ್ಟೆ, ಪಾತ್ರೆ, ಪುಸ್ತಕ ದಾನ ಕೊಡುತ್ತಾರೆ, ಸ್ವಯಂಸೇವಕರು ವಿಂಗಡಿಸಿ ಬೆಲೆ ಹಚ್ಚುತ್ತಾರೆ, ಬಂದ ಲಾಭ ಅಂಗಡಿ ನಡೆಸುವ ಸೇವಾ ಸಂಸ್ಥೆಯ ಕೆಲಸಕ್ಕೆ ಹೋಗುತ್ತದೆ. ಆಕ್ಸ್‌ಫ್ಯಾಮ್ ಎಂಬ ಸಂಸ್ಥೆ ಇದನ್ನು 1940ರ ದಶಕದ ಕೊನೆಗೆ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದು ಖಾಯಂ ಮಾಡಿತು. ಈಗ ಬ್ರಿಟಿಷ್ ಹಾರ್ಟ್ ಫೌಂಡೇಶನ್, ಕ್ಯಾನ್ಸರ್ ರಿಸರ್ಚ್ ಯುಕೆ, ಬರ್ನಾಡೋಸ್, ಸ್ಯೂ ರೈಡರ್, ಏಜ್ ಯುಕೆ, ಜೊತೆಗೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಆಯಾ ಊರಿನ ಹಾಸ್ಪಿಸ್‌ಗಳ ಅಂಗಡಿಗಳು ಸಾಲಾಗಿ ಸಿಗುತ್ತವೆ. ದಾನ ಬಂದ ಸರಕಿನ ಮೇಲೆ ಗಿರಾಕಿಗೆ ವ್ಯಾಟ್ ಬೀಳುವುದಿಲ್ಲ, ಅಂಗಡಿಗೆ ಸ್ಥಳೀಯ ತೆರಿಗೆಯಲ್ಲಿ ಶೇ 80 ರಿಯಾಯಿತಿ. ಸೋವಿ ಇರುವುದಕ್ಕೆ ಅದೂ ಒಂದು ಕಾರಣ. ಇನ್ನು ನಾಚಿಕೆಯ ಮಾತು: ಅಲ್ಲಿ ದೊಡ್ಡ ಡಾಕ್ಟರೂ ಬರುತ್ತಾರೆ, ಪಿಂಚಣಿಯ ಅಜ್ಜಿಯೂ ಬರುತ್ತಾರೆ. ಯಾರೂ ನಿಮ್ಮನ್ನು ತಿರುಗಿ ನೋಡುವುದಿಲ್ಲ.

ಎಲ್ಲಿಗೆ ಹೋಗಬೇಕು ಎನ್ನುವುದು ಅರ್ಧ ಕೆಲಸ. ದಾನ ಕೊಡುವವರು ತಮ್ಮ ಮನೆಗೆ ಹತ್ತಿರದ ಅಂಗಡಿಗೇ ಕೊಡುತ್ತಾರೆ, ಹಾಗಾಗಿ ಉಳ್ಳವರ ಬಡಾವಣೆಯ ಅಂಗಡಿಯಲ್ಲಿ ಒಳ್ಳೆಯ ಉಣ್ಣೆ, ಒಳ್ಳೆಯ ಪಾತ್ರೆ. ಬೆಲೆಯೂ ಅಲ್ಲಿ ತುಸು ಜಾಸ್ತಿ. ದೊಡ್ಡ ನಗರದ ನಡುಬೀದಿಗಿಂತ ನಿವೃತ್ತರು ಹೆಚ್ಚಿರುವ ಸಣ್ಣ ಪೇಟೆ ವಾಸಿ. ವಾರಾಂತ್ಯದಲ್ಲಿ ಜನ ಮನೆ ಖಾಲಿ ಮಾಡಿ ತಂದು ಕೊಡುವುದರಿಂದ ಸೋಮವಾರ, ಮಂಗಳವಾರ ಬೆಳಿಗ್ಗೆ ಹೊಸ ಸರಕು ಇರುತ್ತದೆ. ಭಾನುವಾರ ಹಲವು ಅಂಗಡಿ ಮುಚ್ಚಿರುತ್ತವೆ, ತೆರೆದರೂ ಬೇಗ ಬಾಗಿಲು ಹಾಕುತ್ತವೆ. ಕ್ರಿಸ್‌ಮಸ್ ಮುಗಿದ ಜನವರಿ ಮತ್ತು ವಿದ್ಯಾರ್ಥಿಗಳು ರೂಮು ಬಿಡುವ ಜೂನ್, ಇವೆರಡು ಸುಗ್ಗಿ. ಸೆಪ್ಟೆಂಬರಿನಲ್ಲಿ ಇಳಿದವರು ಕೋಟನ್ನು ಆ ತಿಂಗಳೇ ನೋಡಲಿ. ಮೊದಲ ಹಿಮ ಬಿದ್ದ ಮೇಲೆ ಓಡಿದರೆ ಹ್ಯಾಂಗರಿನಲ್ಲಿ ಎಕ್ಸ್‌ಎಲ್ ಮಾತ್ರ ಉಳಿದಿರುತ್ತದೆ.

ಕೋಟು ನೋಡುವ ಕ್ರಮ ಹೀಗೆ. ಮೊದಲು ಒಳಗಿನ ಚೀಟಿ ಓದಿ. ಚಳ್ಳಕೆರೆ ಕಂಬಳಿ ಹೊದ್ದು ಬೆಳೆದ ಕೈಗೆ ಉಣ್ಣೆಯ ಗುರುತು ಇದ್ದೇ ಇರುತ್ತದೆ, ಆದರೆ ಇಲ್ಲಿ ಆ ಕೈಯನ್ನು ನಂಬಬೇಡಿ. ನಮ್ಮ ಕಂಬಳಿ ಚುಚ್ಚುತ್ತದೆ, ಮೆರಿನೋ ಉಣ್ಣೆ ಬೆಣ್ಣೆಯಂತೆ ಜಾರುತ್ತದೆ, ಅಕ್ರಿಲಿಕ್ಕೂ ಹಾಗೇ ಜಾರುತ್ತದೆ. ಚೀಟಿಯಲ್ಲಿ ವೂಲ್ ಶೇ 60ಕ್ಕಿಂತ ಹೆಚ್ಚಿದ್ದರೆ ಮುಂದಕ್ಕೆ ಹೋಗಿ. ಎರಡನೆಯದು, ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ನುಸಿ ತಿಂದಿದೆ. ಕಾಲರಿನ ಅಡಿ, ಕಂಕುಳ ಹೊಲಿಗೆ, ಜೇಬಿನ ಮೂಲೆ ನೋಡಿ. ಅಲ್ಲಿ ಅಕ್ಕಿ ನುಚ್ಚಿನಂಥ ಬಿಳಿ ಗೂಡು ಅಂಟಿದ್ದರೆ ಕೆಳಗಿಟ್ಟು ಕೈ ಒರೆಸಿಕೊಳ್ಳಿ, ಅದು ನಿಮ್ಮ ರೇಷ್ಮೆ ಸೀರೆಗೂ ಹಬ್ಬುತ್ತದೆ. ಮೊಳಕಾಲ್ಮೂರು ಸೀರೆ ಇರುವ ಕಪಾಟಿಗೆ ಇಂಥ ಕೋಟು ನುಗ್ಗಿಸಬಾರದು.

ಮೂರನೆಯದು ಜಿಪ್. ತಳದ ಪಿನ್ನಿನಿಂದ ಗದ್ದದವರೆಗೆ ಮೂರು ಸಲ ಎಳೆಯಿರಿ. ತಳದ ಪಿನ್ನು ಅಲ್ಲಾಡುತ್ತಿದ್ದರೆ ಜಿಪ್ ಪೂರ್ತಿ ಬದಲಿಸಬೇಕು, ಆ ಕೂಲಿ ಕೋಟಿನ ಬೆಲೆಗಿಂತ ಹೆಚ್ಚಾದೀತು. ಗುಂಡಿ ಹೋಗಿದ್ದರೆ ಚಿಂತೆಯಿಲ್ಲ, ಒಳಗಿನ ಚೀಟಿಯ ಹತ್ತಿರ ಒಂದು ಹೆಚ್ಚುವರಿ ಗುಂಡಿ ಹೊಲಿದಿರುವುದುಂಟು. ನಾಲ್ಕನೆಯದು ವಾಸನೆ. ಅಂಗಡಿಯವರು ಬಟ್ಟೆ ಒಗೆಯುವುದಿಲ್ಲ, ಸಾಮಾನ್ಯವಾಗಿ ಹಬೆ ಹಿಡಿದು ಸುಕ್ಕು ತೆಗೆದು ನೇತು ಹಾಕುತ್ತಾರೆ. ನುಸಿ ಗುಳಿಗೆಯ ವಾಸನೆ ವಾರದ ಗಾಳಿಗೆ ಹೋಗುತ್ತದೆ. ಸಿಗರೇಟು, ಬೂಷ್ಟು, ಬೆವರು ಕಂಕುಳಲ್ಲಿ ಕೂತರೆ ಹೋಗುವುದು ಕಷ್ಟ. ಚೀಟಿಯಲ್ಲಿ ವೃತ್ತದ ಗುರುತು ಇದ್ದು, ನೀರಿನ ತೊಟ್ಟಿಯ ಗುರುತಿಗೆ ಕಾಟು ಹಾಕಿದ್ದರೆ ಡ್ರೈ ಕ್ಲೀನ್ ಮಾತ್ರ, ಅಂದರೆ ಹತ್ತು ಪೌಂಡಿನ ಕೋಟು ಮನೆಗೆ ಬರುವಷ್ಟರಲ್ಲಿ ಇಪ್ಪತ್ತೈದಾಯಿತು. ಈ ಲೆಕ್ಕ ಕೌಂಟರಿಗೆ ಹೋಗುವ ಮೊದಲೇ ಹಾಕಿ.

ಅಳತೆಗೆ ಒಂದು ಮಾತು. ಒಳಗೆ ಸ್ವೆಟರ್ ಹಾಕಿಕೊಂಡೇ ಕೋಟು ಹಾಕಿ ನೋಡಿ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆಯೇ ಕೂರಬೇಕು. ತೋಳು ಉದ್ದವಾದರೆ ದರ್ಜಿ ಕತ್ತರಿಸಬಲ್ಲ, ಭುಜ ದೊಡ್ಡದಾದರೆ ಅವನಿಂದಲೂ ಆಗದು. ಗಂಡಸರ ಕೋಟಿನಲ್ಲಿ 38ಎಸ್, 38ಆರ್ ಎಂದಿರುತ್ತದೆ. ಅಂಕಿ ಎದೆಯ ಸುತ್ತಳತೆ ಇಂಚಿನಲ್ಲಿ, ಎಸ್ ಅಂದರೆ ಉದ್ದ ಕಡಿಮೆ. ಆ ಎಸ್ ಅನ್ನು ಸ್ಮಾಲ್ ಎಂದು ತಿಳಿದು ಬಿಟ್ಟು ಬರುವವರೇ ಹೆಚ್ಚು, ನಮ್ಮ ಕಡೆಯ ಎಷ್ಟೋ ಜನರ ಎತ್ತರಕ್ಕೆ ಸರಿ ಕೂರುವುದು ಅದೇ. ಸಣ್ಣ ಮೈಕಟ್ಟಿನವರು ಮಕ್ಕಳ ಸಾಲಿನಲ್ಲಿ 13–14 ವರ್ಷದ ಚೀಟಿಯ ಜಾಕೆಟ್ಟನ್ನೂ ನೋಡಲಿ, ಬೆಲೆ ಇನ್ನೂ ಕಡಿಮೆ.

ಮನೆಗೆ ತಂದ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೈನಸ್ 18 ಡಿಗ್ರಿಯಲ್ಲಿ ನುಸಿಯ ಮೊಟ್ಟೆ ಸಾಯುತ್ತದೆ. ಆಮೇಲೆ ಚೀಟಿ ಅನುಮತಿಸಿದರೆ ವಾಷಿಂಗ್ ಮೆಷಿನ್ನಿನ 30 ಡಿಗ್ರಿಯ ಉಣ್ಣೆ ಸೆಟ್ಟಿಂಗಿನಲ್ಲಿ ಒಗೆಯಿರಿ. 60ಕ್ಕೆ ತಿರುಗಿಸಿದಿರೋ, ಸ್ವೆಟರು ಗೊಂಬೆಯ ಅಂಗಿಯಾಗಿ ಹೊರಬರುತ್ತದೆ. ಮಳೆ ಜಾಕೆಟ್ಟಾದರೆ ಒಳಭಾಗ ತಿರುವಿ ನೋಡಿ. ಹೊಲಿಗೆಯ ಮೇಲಿನ ಪಟ್ಟಿ ಎದ್ದಿದ್ದರೆ, ಒಳಪದರ ಪುಡಿ ಉದುರುತ್ತಿದ್ದರೆ ಅದಕ್ಕೆ ಔಷಧಿಯಿಲ್ಲ. ನಡಿಗೆ ಬೂಟಿನದೂ ಇದೇ ಕಥೆ: ವರ್ಷಗಟ್ಟಲೆ ಕಪಾಟಿನಲ್ಲಿದ್ದ ಪಾಲಿಯುರೆಥೇನ್ ಅಟ್ಟೆ ನೋಡಲು ಹೊಸದು, ತೇವ ಹೀರಿ ಒಳಗೇ ಕೊಳೆತಿರುತ್ತದೆ, ಎರಡು ಮೈಲಿ ನಡೆದರೆ ಕಳಚಿ ಬೀಳುತ್ತದೆ. ಉಗುರಿನಿಂದ ಒತ್ತಿ ನೋಡಿ, ಬಿರುಕು ಕಂಡರೆ ಬಿಡಿ.

ಒಂದು ಬಲೆ ಇದೆ. ಹೊಸದಾಗಿಯೇ ಐದಾರು ಪೌಂಡಿಗೆ ಸಿಗುವ ಅಗ್ಗದ ಬ್ರ್ಯಾಂಡಿನ ಟೀಶರ್ಟು ಇಲ್ಲಿ ನಾಲ್ಕು ಪೌಂಡಿಗೆ ನೇತಾಡುತ್ತಿರುತ್ತದೆ. ಬೆಲೆ ಹಚ್ಚುವವರಿಗೆ ಎಲ್ಲ ಬ್ರ್ಯಾಂಡು ಗೊತ್ತಿರಬೇಕೆಂದಿಲ್ಲ. ಅದೇ ಕಾರಣಕ್ಕೆ ಪಕ್ಕದಲ್ಲೇ ಅಪ್ಪಟ ಹ್ಯಾರಿಸ್ ಟ್ವೀಡ್ ಕೋಟು ಹದಿನೈದಕ್ಕೆ ಇರುವುದೂ ಉಂಟು. ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಮನೆಮಗ್ಗದ ಮೇಲೆ ನೇಯ್ದ ಉಣ್ಣೆಗೆ ಮಾತ್ರ ಆ ಹೆಸರು ಎಂದು 1993ರ ಕಾಯ್ದೆಯೇ ಇದೆ. ಒಳಗೆ ಶಿಲುಬೆ ಹೊತ್ತ ಗೋಳದ ಮುದ್ರೆಯ ಚೀಟಿ ಹುಡುಕಿ.

ಇನ್ನು ಅಡುಗೆಮನೆ. ಜೇಬಿನಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಇಟ್ಟುಕೊಂಡೇ ಹೋಗಿ. ಬಾಡಿಗೆ ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಮ್ಯಾಗ್ನೆಟ್ ತಳಕ್ಕೆ ಗಟ್ಟಿಯಾಗಿ ಕಚ್ಚುವ ಪಾತ್ರೆ ಮಾತ್ರ ಕಾಯುತ್ತದೆ. ಪಕ್ಕದ ಗೋಡೆಗೆ ಅಂಟದಿದ್ದರೂ ನಡೆಯುತ್ತದೆ, ತಳಕ್ಕೆ ಅಂಟಬೇಕು. ಊರಿಂದ ಹೊತ್ತು ತಂದ ಸಾದಾ ಅಲ್ಯೂಮಿನಿಯಂ ಕುಕ್ಕರು ಆ ಒಲೆಯ ಮೇಲೆ ಸುಮ್ಮನೆ ಕೂರುತ್ತದೆ. ತಟ್ಟೆ, ಬಟ್ಟಲನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಉಗುರಿನಿಂದ ತಟ್ಟಿ. ಣಣ್ ಎಂದರೆ ಸರಿ, ದಬ್ ಎಂದರೆ ಕಾಣದ ಸೀಳು ಇದೆ. ಮೆರುಗಿನ ಮೇಲೆ ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದರೆ ಅರಿಶಿನ ಅದರೊಳಗೆ ಇಳಿದು ಹಳದಿಯಾಗುತ್ತದೆ. ಚಿನ್ನದ ಅಂಚಿನ ತಟ್ಟೆ ಮೈಕ್ರೋವೇವಿನಲ್ಲಿ ಕಿಡಿ ಹಾರಿಸುತ್ತದೆ. ಗೀರು ಬಿದ್ದ ನಾನ್‌ಸ್ಟಿಕ್ ಎಷ್ಟು ಸೋವಿಯಾದರೂ ಬೇಡ. ಹಿತ್ತಾಳೆ ಚೊಂಬು, ಗಂಟೆ, ದೀಪ ಅಲಂಕಾರದ ಸಾಲಿನಲ್ಲಿ ಆಗಾಗ ಸಿಗುತ್ತವೆ. ದೇವರ ಮನೆಗೆ ಧಾರಾಳ ತನ್ನಿ, ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಕುದಿಸಬೇಡಿ.

ನಿಜವಾದ ನಿಧಿ ಇನ್ನೊಂದಿದೆ. ದಪ್ಪ ಕಾವಲಿ ಇಲ್ಲದೆ ಬೆಣ್ಣೆ ದೋಸೆ ಇಲ್ಲ, ಆ ಕಾವಲಿಯನ್ನು ಹೊತ್ತರೆ ಪೆಟ್ಟಿಗೆಯಲ್ಲಿ ಮೂರು ಕೆಜಿ ಹೋಯಿತು. ಹೊರಬೇಡಿ. ವೇಲ್ಸಿನವರು ವೆಲ್ಶ್ ಕೇಕ್ ಬೇಯಿಸಲು ಬೇಕ್‌ಸ್ಟೋನ್ ಎಂಬ ಚಪ್ಪಟೆ ಕಬ್ಬಿಣದ ತಟ್ಟೆ ಇಟ್ಟುಕೊಳ್ಳುತ್ತಾರೆ, ಸ್ಕಾಟ್ಲೆಂಡಿನವರು ಸ್ಕೋನ್ ಸುಡಲು ಅಂಥದ್ದನ್ನೇ ಗರ್ಡಲ್ ಎನ್ನುತ್ತಾರೆ, ಮೇಲೆ ಬುಟ್ಟಿಗಿರುವಂತೆ ಕಮಾನಿನ ಹಿಡಿ. ಅಂಚು ಎದ್ದಿರದ ಈ ತಟ್ಟೆಯೇ ನಮ್ಮ ಕಾವಲಿ. ರೊಟ್ಟಿಗೂ ಆಗುತ್ತದೆ. ಅಜ್ಜಿಯರ ಕಾಲದ ಈ ಸಾಮಾನು ಮಕ್ಕಳಿಗೆ ಬೇಡವಾಗಿ ತುಕ್ಕು ಹಿಡಿದು ಕೆಳಗಿನ ಸಾಲಿನಲ್ಲಿ ಬಿದ್ದಿರುತ್ತದೆ. ತುಕ್ಕಿಗೆ ಹೆದರಬೇಡಿ, ಸೀಳಿಗೆ ಹೆದರಿ. ಸಮನಾದ ಮೇಜಿನ ಮೇಲಿಟ್ಟು ಅಂಚು ಒತ್ತಿ, ತೂಗಾಡಿದರೆ ಗಾಜಿನ ಒಲೆಗೆ ಬಾರದು.

ತಂದ ಮೇಲೆ ಸ್ಟೀಲ್ ನಾರು ಹಾಕಿ ತುಕ್ಕು ಪೂರ್ತಿ ಉಜ್ಜಿ, ತೊಳೆದು, ಒಲೆಯ ಮೇಲಿಟ್ಟು ಒಂದು ಹನಿ ನೀರೂ ಉಳಿಯದಂತೆ ಒಣಗಿಸಿ. ಒಂದು ಚಮಚ ಸೂರ್ಯಕಾಂತಿ ಎಣ್ಣೆ ಸವರಿ, ಆಮೇಲೆ ತಪ್ಪಾಗಿ ಹಚ್ಚಿದೆವೇನೋ ಎಂಬಂತೆ ಒಣಬಟ್ಟೆಯಿಂದ ಒರೆಸಿಬಿಡಿ. ಓವನ್ನಿನಲ್ಲಿ ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ, ಅಲ್ಲೇ ಆರಲು ಬಿಡಿ. ಹೀಗೆ ಮೂರು ಸಲ. ಎಣ್ಣೆ ದಪ್ಪಗಾದರೆ ಜಿಗುಟು ಪದರ ಕೂತು ಮೊದಲ ದೋಸೆ ಏಳುವುದೇ ಇಲ್ಲ, ಎಲ್ಲರೂ ಎಡವುವುದು ಇಲ್ಲೇ. ಹೊಗೆ ಬರುತ್ತದೆ, ಕಿಟಕಿ ತೆರೆದು ಅಡುಗೆಮನೆ ಬಾಗಿಲು ಮುಚ್ಚಿ, ಇಲ್ಲವಾದರೆ ಸ್ಮೋಕ್ ಅಲಾರಂ ಇಡೀ ಮನೆಯನ್ನು ಎಬ್ಬಿಸುತ್ತದೆ. ಗಾಜಿನ ಒಲೆಯ ಮೇಲೆ ಕಾವಲಿಯನ್ನು ಎಳೆಯಬೇಡಿ, ಎತ್ತಿ ಇಡಿ. ಒಲೆ ಗೀರಿದರೆ ಮನೆ ಮಾಲೀಕ ಡಿಪಾಸಿಟ್ಟಿನಲ್ಲಿ ಕತ್ತರಿ ಹಾಕುತ್ತಾನೆ.

ವಿದ್ಯುತ್ ಸಾಮಾನಿಗೆ ಪರೀಕ್ಷೆ ಆಗಿದೆ ಎಂಬ ಪ್ಯಾಟ್ ಚೀಟಿ ವೈರಿನ ಮೇಲೆ ಅಂಟಿಸಿರಬೇಕು. ಸೋಫಾದ ತಳದಲ್ಲೋ ಮೆತ್ತೆಯ ಅಡಿಯಲ್ಲೋ ಬೆಂಕಿ ಸುರಕ್ಷತೆಯ ಹೊಲಿದ ಚೀಟಿ ಇರಬೇಕು, ಇಲ್ಲದಿದ್ದರೆ ಅಂಗಡಿಯವರೇ ತಗೊಳ್ಳುವುದಿಲ್ಲ. ಸೋಫಾಕ್ಕೆ ದುಡ್ಡು ಕೊಡುವ ಮೊದಲು ನಿಮ್ಮ ಮೆಟ್ಟಿಲ ಅಗಲ ಅಳೆಯಿರಿ, ಅಲ್ಲಿನ ಹಳೇ ಮನೆಗಳ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ತುಸುವೇ ಅಗಲ. ಹಾಸಿಗೆ, ಸೈಕಲ್ ಹೆಲ್ಮೆಟ್, ಮಗುವಿನ ಕಾರ್ ಸೀಟು, ವಿದ್ಯುತ್ ಕಂಬಳಿ, ಈ ನಾಲ್ಕನ್ನು ಹೊಸದೇ ಕೊಳ್ಳಿ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟೂ ಸೀಟೂ ಹೊರಗೆ ಏನೂ ತೋರಿಸುವುದಿಲ್ಲ.

ಚೌಕಿಪೇಟೆಯ ಚೌಕಾಸಿ ಅಭ್ಯಾಸವನ್ನು ಬಾಗಿಲಲ್ಲೇ ಬಿಡಿ. ಕೌಂಟರಿನಲ್ಲಿರುವವರು ಬಹುಪಾಲು ಸಂಬಳವಿಲ್ಲದೆ ನಿಂತ ಸ್ವಯಂಸೇವಕರು, ಬೆಲೆ ಇಳಿಸುವ ಅಧಿಕಾರ ಅವರಿಗಿಲ್ಲ. ಚೀಟಿ ಹಚ್ಚಿದವರು ಕಾಣದ ಹರುಕು ಇದ್ದರೆ ತೋರಿಸಿ, ಮ್ಯಾನೇಜರನ್ನು ಕೇಳಬಹುದು. ಕೈ ತುರಿಸಿದರೆ ಕಾರ್ ಬೂಟ್ ಸೇಲಿಗೆ ಹೋಗಿ. ಬೇಸಿಗೆಯ ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಕಾರಿನ ಡಿಕ್ಕಿ ತೆರೆದು ಮಾರುವ ಸಂತೆ ಅದು. ಚಿಲ್ಲರೆ ತಗೊಂಡು ಹೋಗಿ, ಎರಡು ಪೌಂಡು ಎಂದದ್ದನ್ನು ಒಂದಕ್ಕೆ ಕೇಳಿ, ಯಾರೂ ಬೇಸರಿಸುವುದಿಲ್ಲ.

ಊರಿಗೆ ವಾಪಸ್ಸಾಗುವಾಗ ಕೋಟನ್ನು ಮತ್ತೆ ಅದೇ ಅಂಗಡಿಗೆ ಕೊಡಿ, ದಾವಣಗೆರೆಗೆ ಹೊತ್ತು ತಂದು ಏನು ಮಾಡುತ್ತೀರಿ. ಒಗೆದು, ಜೇಬು ತಡಕಿ, ಬಾಗಿಲು ತೆರೆದಿರುವ ಹೊತ್ತಿಗೆ ಕೈಗೇ ಕೊಡಿ. ರಾತ್ರಿ ಬಾಗಿಲ ಮುಂದೆ ಚೀಲ ಇಟ್ಟು ಹೋದರೆ ಮಳೆಗೆ ನೆನೆದು ಕಸವಾಗುತ್ತದೆ, ಅದನ್ನು ಎಸೆಯುವ ಖರ್ಚು ಅವರ ತಲೆಗೆ. ಚೀಲ ಕೈಗೆ ಕೊಟ್ಟಾಗ ಗಿಫ್ಟ್ ಏಡ್ ಫಾರಂ ಮುಂದಿಡುತ್ತಾರೆ: ನೀವು ಅಲ್ಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ನಿಮ್ಮ ಸಾಮಾನು ಮಾರಿ ಬಂದ ಪ್ರತಿ ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಅವರಿಗೆ ಸಿಗುತ್ತದೆ. ಕೆಲಸದಲ್ಲಿರುವವರು ಸಹಿ ಹಾಕಿ. ತೆರಿಗೆ ಕಟ್ಟದ ವಿದ್ಯಾರ್ಥಿ ಒಳ್ಳೇ ಮನಸ್ಸಿನಿಂದ ಸಹಿ ಹಾಕಿದರೆ ಆ ವ್ಯತ್ಯಾಸದ ಹಣ ಅವನೇ ಕಟ್ಟಬೇಕಾದೀತು, "ನಾನು ಟ್ಯಾಕ್ಸ್ ಪೇಯರ್ ಅಲ್ಲ" ಎಂದು ಚೀಲ ಮಾತ್ರ ಕೊಟ್ಟು ಬಂದರೆ ಸಾಕು.