ಬೆಳ್ಳಿಯ ಮೇಲಿನ ಸಿಲಿಸೀನ್: 64 ಜಿಬಿಯಲ್ಲಿ ಮುಗಿದ ಲೆಕ್ಕ

ಸಿಲಿಸೀನ್ ಎಂದರೆ ಒಂದೇ ಪರಮಾಣು ದಪ್ಪದ ಸಿಲಿಕಾನ್ ಹಾಳೆ. ಅದನ್ನು ಬೆಳ್ಳಿಯ ಮೇಲಿಟ್ಟು ಎಲೆಕ್ಟ್ರಾನ್‌ಗಳ ಲೆಕ್ಕ ಹಾಕಬೇಕಿತ್ತು. 98 ಪರಮಾಣುಗಳ ಲೋಹದ ಸ್ಲ್ಯಾಬ್‌ಗೆ (ತೆಳು ಚಪ್ಪಡಿಗೆ) ಕ್ಲಸ್ಟರ್ (ಜೋಡಿಸಿದ ಕಂಪ್ಯೂಟರ್‌ಗಳ ಗುಂಪು) ಬೇಕೇ ಬೇಕು ಎಂದವರೇ ಜಾಸ್ತಿ. ಸುರತ್ಕಲ್‌ನ ನನ್ನ ಕೋಣೆಯಲ್ಲಿರುವುದು ಸೆಕೆಂಡ್‌ಹ್ಯಾಂಡ್ ಜಿಯಾನ್ ಕಂಪ್ಯೂಟರ್, 16 ಕೋರ್, 64 ಜಿಬಿ ರ‍್ಯಾಮ್. ಯುಪಿಎಸ್ ಸೇರಿ ಎಪ್ಪತ್ತು ಸಾವಿರದ ಆಸುಪಾಸು. ಈ ಲೆಕ್ಕದ ತಂತ್ರಾಂಶ ಕ್ವಾಂಟಮ್ ಎಸ್ಪ್ರೆಸೊ ಅದರಲ್ಲೇ ಓಡಿತು.

ಬೆಳ್ಳಿ ಹರಳಿನ (111) ಮುಖದ ಮೇಲಿನ 4×4 ಜೋಡಣೆ (ಬೆಳ್ಳಿಯ ಮೂಲ ಕೋಶದ 4×4, ಅದರ ಮೇಲೆ ಸಿಲಿಸೀನ್‌ನ 3×3): ಐದು ಪದರ, ಪದರಕ್ಕೆ 16 ಬೆಳ್ಳಿ, ಮೇಲೆ 18 ಸಿಲಿಕಾನ್. ಕೆಳಗಿನ ಎರಡು ಪದರ ಕದಲದಂತೆ ಕಟ್ಟಿದೆ. ಬೆಳ್ಳಿ ಪರಮಾಣುಗಳ ನಡುವಿನ ಅಂತರ ಅಳತೆಯಲ್ಲಿ 2.89 ಆಂಗ್‌ಸ್ಟ್ರಾಂ, ಪಿಬಿಇ (ಎಲೆಕ್ಟ್ರಾನ್‌ಗಳ ಪರಸ್ಪರ ಪ್ರಭಾವವನ್ನು ಅಂದಾಜಿಸುವ ಸೂತ್ರ) ಕೊಡುವುದು 2.94. ಪಿಬಿಇಯದ್ದನ್ನೇ ಇಡಿ. ಸಿಲಿಸೀನ್ ಶೇ. 1ರಷ್ಟು ಹಿಗ್ಗುತ್ತದೆ, ಹಿಗ್ಗಲಿ. ಲೋಹವನ್ನು ಒತ್ತಿದರೆ ಅದರ ಪಟ್ಟಿಗಳೇ (ಎಲೆಕ್ಟ್ರಾನ್ ಶಕ್ತಿಯ ಗೆರೆಗಳೇ) ಜರುಗುತ್ತವೆ.

ಕಟ್‌ಆಫ್ (ಶಕ್ತಿಮಿತಿ) ಅಲೆಗಳಿಗೆ 40, ಸಾಂದ್ರತೆಗೆ 320 ರಿಡ್‌ಬರ್ಗ್; ಸ್ಮಿಯರಿಂಗ್ (ತುಂಬಿದ ಮಟ್ಟಗಳ ಅಂಚನ್ನು ಮಸುಕಾಗಿಸುವುದು) 0.02; ಕೆ-ಜಾಲ (ಎಲೆಕ್ಟ್ರಾನ್ ಅಲೆಗಳನ್ನು ಲೆಕ್ಕಿಸುವ ಬಿಂದುಗಳು) 3×3×1. ಮಿಕ್ಸಿಂಗ್ ಬೀಟಾವನ್ನು (ಪ್ರತಿ ಸುತ್ತಿನ ಹೊಸ ಚಾರ್ಜ್ ಸಾಂದ್ರತೆಯನ್ನು ಹಳೆಯದಕ್ಕೆ ಬೆರೆಸುವ ಪ್ರಮಾಣ) ಡೀಫಾಲ್ಟ್ 0.7ಕ್ಕೆ ಬಿಟ್ಟರೆ ಚಾರ್ಜ್ ಬಿಂದಿಗೆಯ ನೀರಿನಂತೆ ತುಳುಕುತ್ತಲೇ ಇರುತ್ತದೆ. 0.15ಕ್ಕೆ ಇಳಿಸಿ, ಬೆರೆಸುವ ಮೋಡ್ ಲೋಕಲ್-ಟಿಎಫ್ ಮಾಡಿದರೆ ಸುಮಾರು ನಲವತ್ತು ಸುತ್ತಿಗೆ ಕೂರುತ್ತದೆ. ಆರಂಭದ ಸಾಂದ್ರತೆಗೆ ನನ್ನದೊಂದು ಉಪಾಯವಿದೆ, ಹತ್ತಾರು ಸುತ್ತು ಉಳಿಯುತ್ತದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ತುಳುನಾಡಿನ ಆಟಿ ತಿಂಗಳ ಮಳೆಗೆ ಕರೆಂಟ್ ಹೋಗುವುದು ಗ್ಯಾರಂಟಿ. ಯುಪಿಎಸ್ ಬ್ಯಾಟರಿಗೆ ಇಳಿದ ಕೂಡಲೇ ಎಕ್ಸಿಟ್ ಕಡತ ಸೃಷ್ಟಿಸುವ ಪುಟ್ಟ ಸ್ಕ್ರಿಪ್ಟ್ ಇಡಿ. ಲೆಕ್ಕ ತಾನಾಗಿ ಉಳಿಸಿಕೊಂಡು ನಿಲ್ಲುತ್ತದೆ, ಆಮೇಲೆ ರೀಸ್ಟಾರ್ಟ್. ಇನ್ನು ಉಪ್ಪುಗಾಳಿ. ರ‍್ಯಾಮ್‌ನ ಕಾಲು ಮಸುಕಾಗಿ ಯಂತ್ರ ನಡುವೆಯೇ ಸತ್ತರೆ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ನೋಡಿ, ಹೊಸ ಸ್ಟಿಕ್‌ಗೆ ದುಡ್ಡು ಸುರಿಯುವ ಮೊದಲು.

ಪರಮಾಣುಗಳು ರಿಲ್ಯಾಕ್ಸ್ ಆದಾಗ (ತಮ್ಮ ನೆಲೆಗೆ ಕೂತಾಗ) 18ರಲ್ಲಿ 6 ಸಿಲಿಕಾನ್ ಮುಕ್ಕಾಲು ಆಂಗ್‌ಸ್ಟ್ರಾಂನಷ್ಟು ಮೇಲೆದ್ದಿರಬೇಕು. ಎದ್ದಿಲ್ಲವಾದರೆ ಪಟ್ಟಿ ಬಿಡಿಸುವುದೇ ದಂಡ.

ಪಟ್ಟಿಯಲ್ಲೇ ಎಲ್ಲರೂ ಜಾರುವುದು. 3×3 ಸಿಲಿಸೀನ್ ಕೋಶದಲ್ಲಿ ಅಲೆಗಳ ನಕ್ಷೆಯ ಮೂಲೆಯಾದ ಕೆ ಬಿಂದು ಮಡಚಿ ನಡುಬಿಂದು ಗಾಮಾಕ್ಕೆ ಬರುತ್ತದೆ; ಅಲ್ಲಿ ಯಾವ ಎರಡು ಗೆರೆ ದಾಟಿದರೂ ಡಿರಾಕ್ ಶಂಕು (ನೇರ ಗೆರೆಗಳು ಒಂದೇ ಬಿಂದುವಿನಲ್ಲಿ ಸೇರುವ ಪಟ್ಟಿ) ಎಂದು ಕುಣಿಯುವವರಿದ್ದಾರೆ. ಬ್ಯಾಂಡ್‌ಅಪ್‌ನಲ್ಲಿ (ಮಡಚಿದ ಪಟ್ಟಿಯನ್ನು ಬಿಡಿಸುವ ತಂತ್ರಾಂಶ) ಎರಡು ಸಲ ಅನ್‌ಫೋಲ್ಡ್ ಮಾಡಿ: ಒಮ್ಮೆ ಸಿಲಿಸೀನ್‌ನ 1×1ಕ್ಕೆ, ಒಮ್ಮೆ ಬೆಳ್ಳಿಯ 1×1ಕ್ಕೆ. ಬೆಳ್ಳಿಯ ಮೇಲಿನ ಸಿಲಿಸೀನ್‌ನ 2012ರ ಪ್ರಯೋಗದಲ್ಲಿ ಫರ್ಮಿ ಮಟ್ಟದಿಂದ (ಎಲೆಕ್ಟ್ರಾನ್ ತುಂಬಿದ ಮೇಲಿನ ಮಿತಿಯಿಂದ) 0.3 ಎಲೆಕ್ಟ್ರಾನ್ ವೋಲ್ಟ್ ಕೆಳಗೆ ಕಂಡ, ಸೆಕೆಂಡಿಗೆ 13 ಲಕ್ಷ ಮೀಟರ್ ವೇಗದ ನೇರ ಗೆರೆ ಶಂಕುವಲ್ಲ, ಬೆಳ್ಳಿಯ ಎಸ್‌ಪಿ ಪಟ್ಟಿ (ಎಸ್ ಮತ್ತು ಪಿ ಕಕ್ಷಕಗಳ ಎಲೆಕ್ಟ್ರಾನ್‌ಗಳದ್ದು) ಸಿಲಿಕಾನ್‌ಗೆ ಬೆಸೆದದ್ದು ಎಂಬ ವಾದವೇ ನನ್ನ ಚಿತ್ರಕ್ಕೂ ಹೊಂದುತ್ತದೆ.

ಸುಮ್ಮನೆ ಇನ್ನೊಂದು ನೋಡಿದೆ: ಬೆಳ್ಳಿಯನ್ನೆಲ್ಲ ಅಳಿಸಿ, ಸಿಲಿಕಾನ್ ಇದ್ದ ಜಾಗದಲ್ಲೇ ಬಿಟ್ಟು ಲೆಕ್ಕ ಹಾಕಿದರೆ 0.3 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ಗ್ಯಾಪ್ (ಪಟ್ಟಿಗಳ ನಡುವಿನ ಖಾಲಿ ಅಂತರ). ಅಂದರೆ ಶಂಕು ಕೆಡಲು ಸಿಲಿಕಾನ್‌ನ ಆ ಏರಿಳಿತವೊಂದೇ ಸಾಕು, ಬೆಳ್ಳಿಯ ಬೆಸುಗೆ ಅದರ ಮೇಲಿನದ್ದು.

ಅನ್‌ಫೋಲ್ಡಿಂಗ್‌ಗೆ 60 ಕೆ-ಬಿಂದು ಇಟ್ಟರೆ ವೇವ್‌ಫಂಕ್ಷನ್ ಕಡತಗಳೇ 50 ಜಿಬಿ ದಾಟುತ್ತವೆ. ಡಿಸ್ಕ್ ಚಿಕ್ಕದಿದ್ದರೆ ಮೊದಲು ಗಾಮಾ–ಕೆ ಒಂದೇ ದಾರಿ ಓಡಿಸಿ.